ಪ್ಲೇಗಿನ ಕಾಯಿದೆಯಿಂದ ಮೊಬೈಲಿನವರೆಗೆ

ಕೊರೊನಾದ ಮಾತು ಬಂದರೆ ನಮ್ಮ ವಾಚನಾಲಯದ ಜಗಲಿಯಲ್ಲಿ ಈಗಲೂ ಚರ್ಚೆ ಬಿಸಿಯಾಗುವುದುಂಟು. “ಎಲ್ಲಾ ಲೋಕದ ದೊಡ್ಡ ಕುಳಗಳ ಆಟ ಮಾರಾಯ್ರೆ, ಲಸಿಕೆಯಲ್ಲಿ ಚಿಪ್ ಉಂಟಂತೆ” ಎಂದು ಒಬ್ಬರು. “ಎಂತದ್ದೂ ಇಲ್ಲ, ಸರಕಾರ ಮಾಡಿದ್ದೆಲ್ಲ ನಮ್ಮ ಒಳ್ಳೇದಕ್ಕೇ” ಎಂದು ಇನ್ನೊಬ್ಬರು. ನನಗೆ ಎರಡೂ ಸರಿ ಕಾಣುವುದಿಲ್ಲ. ಲಸಿಕೆಯಲ್ಲಿ ಚಿಪ್ ಇಲ್ಲ, ನಾನೂ ಚುಚ್ಚಿಸಿಕೊಂಡವನೇ. ಆದರೆ ಸಂಶಯ ಪಡಲೇಬೇಕಾದ ಜಾಗ ಒಂದುಂಟು. ಅದು ಗುಟ್ಟಿನಲ್ಲಿಲ್ಲ, ಎಲ್ಲರ ಕಣ್ಣೆದುರಿಗೇ ಇದೆ. ಅದನ್ನು ತಿಳಿಯಲು 1897ಕ್ಕೆ ಹೋಗಬೇಕು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮರುವರ್ಷ ಫೆಬ್ರವರಿಯಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ನಾಲ್ಕೇ ಕಲಮುಗಳ ಪುಟ್ಟ ಕಾಯಿದೆ. ಇರುವ ಕಾನೂನು ಸಾಲದೆಂದು ಸರಕಾರಕ್ಕೆ ಕಂಡರೆ ಹೊಸ ನಿಯಮ ಮಾಡಬಹುದು, ಪ್ರಯಾಣಿಕರನ್ನು ತಪಾಸಣೆ ಮಾಡಿ ಬೇರೆ ಇರಿಸಬಹುದು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ಹೂಡುವಂತಿಲ್ಲ. ನಿಯಮಗಳು ತಾತ್ಕಾಲಿಕ ಎಂದು ಬರೆದಿತ್ತು. ಕಾಯಿದೆ ಮಾತ್ರ ತಾತ್ಕಾಲಿಕವಾಗಲಿಲ್ಲ.

ಪುಣೆಯಲ್ಲಿ ರಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ದೇವರ ಕೋಣೆ, ಅಡಿಗೆಮನೆ ಯಾವುದನ್ನೂ ಬಿಡಲಿಲ್ಲ. ಜನ ಕುದಿದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರಾಂಡ್‌ನ ಮೇಲೆ ಗುಂಡು ಹಾರಿಸಿದರು. ತಮ್ಮ ಪತ್ರಿಕೆಯ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಆರೋಪದಲ್ಲಿ 18 ತಿಂಗಳ ಸಜೆಯಾಯಿತು. ರೋಗ ಸುಳ್ಳಲ್ಲ, ಸಾವು ಸುಳ್ಳಲ್ಲ. ಆದರೆ ಅಂಜಿದ ಜನ ರೋಗಿಯನ್ನೇ ಬಚ್ಚಿಟ್ಟರು. ಬಲವಂತದಿಂದ ರೋಗಕ್ಕೇ ಲಾಭವಾಯಿತು.

ಅದೇ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅದು ಅಪರಾಧಿಗಳನ್ನು ಗುರುತಿಸುವುದಕ್ಕೆ. ಇವತ್ತು ರೇಷನ್ ಅಂಗಡಿಯಲ್ಲಿ ಅಕ್ಕಿಗೆ ಬಂದ ಅಜ್ಜಿಯೂ ಬೆರಳು ಒತ್ತಬೇಕು. ಗೇಯ್ದು ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ ಫಜೀತಿ. ಒಂದು ಕೆಲಸಕ್ಕೆಂದು ಬಂದ ಉಪಕರಣ ಇನ್ನೊಂದಕ್ಕೆ ದಾಟುವುದು ಹೀಗೆ.

2020ರಲ್ಲಿ ಹಳೇ ಕಾಯಿದೆ ಮತ್ತೆ ಎದ್ದು ಬಂತು. ನಮ್ಮ ಕಾಸರಗೋಡಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ಮಾರ್ಚ್ ಕೊನೆಗೆ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಬಿತ್ತು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು. ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಕಡೆಗೆ ಷರತ್ತಿನ ಮೇಲೆ ರೋಗಿಗಳಿಗೆ ದಾರಿ ಬಿಟ್ಟಿತು. ಸತ್ತವರು ಬರಲಿಲ್ಲ.

ಇನ್ನು ಮೊಬೈಲು. ಕರ್ನಾಟಕದಲ್ಲಿ ಮನೆಯಲ್ಲೇ ಕ್ವಾರಂಟೈನ್ ಇದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಐಚ್ಛಿಕವೆಂದು ಬಂದ ಆರೋಗ್ಯ ಸೇತು ಆಪ್ ಮೇ 1ರ ಆದೇಶದಲ್ಲಿ ನೌಕರರಿಗೆ ಕಡ್ಡಾಯವಾಯಿತು, ಆಮೇಲೆ ಸಡಿಲಾಯಿತು. ಕೇರಳದ ರೋಗಿಗಳ ವಿವರ ಅಮೇರಿಕದ ಸ್ಪ್ರಿಂಕ್ಲರ್ ಕಂಪೆನಿಯ ಕೈಗೆ ಹೋದದ್ದು ಗಲಾಟೆಯಾಯಿತು. ಹೆಸರು ಗುರುತು ತೆಗೆಯದೆ ಆ ಕಂಪೆನಿಗೆ ಮಾಹಿತಿ ಕೊಡಬಾರದೆಂದು ಏಪ್ರಿಲ್ 24ರಂದು ಹೈಕೋರ್ಟ್ ಆದೇಶಿಸಿತು.

ಹೀಗೆ ತಡೆದದ್ದು ಯಾರು? ವಾಟ್ಸಾಪಿನ ಗಾಳಿಸುದ್ದಿ ಅಲ್ಲ, ಅರ್ಜಿ ಹಾಕಿದವರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಾಧೀಶರು ಹೇಳಿದ್ದೂ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲೇ.

ಜಗಲಿಯ ಗೆಳೆಯರಿಗೆ ನಾನು ಹೇಳುವುದು ಇಷ್ಟೆ. ದೂರದ ಶ್ರೀಮಂತರ ಗುಟ್ಟಿನ ಸಭೆ ಹುಡುಕುತ್ತಾ ಕೂತರೆ ನಮ್ಮ ಕೈಯಲ್ಲಿ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. ಅದರ ಬದಲು ನಮ್ಮ ಬೆರಳು, ಫೋಟೋ, ಫೋನ್ ನಂಬರ್ ಕೇಳಿದವರಿಗೆ ಮೂರು ಪ್ರಶ್ನೆ ಹಾಕೋಣ: ಯಾವ ಕಾನೂನಿನಲ್ಲಿ? ಯಾರ ಹತ್ತಿರ ಇರುತ್ತದೆ? ಯಾವಾಗ ಅಳಿಸುತ್ತೀರಿ? ಮಕ್ಕಳಿಗೂ ಇದನ್ನು ಕಲಿಸಬೇಕು. ಮುಂದಿನ ರೋಗ ಬಂದಾಗ ಮಾಸ್ಕೂ ಹಾಕೋಣ, ಪ್ರಶ್ನೆಯನ್ನೂ ಕೇಳೋಣ.