ಐತ್ವಾರದ ಸಂಕಷ್ಟಿ

ಶಾಲೆಯ ದಾಖಲೆ ಪ್ರಕಾರ ನಮ್ಮವ್ವ ಹುಟ್ಟಿದ್ದು 1946ರ ಜೂನ್ 1ರಂದು. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ ಬಿಡಿ. ಹೆಸರು ಹಚ್ಚುವಾಗ ಮಾಸ್ತರರು ಹುಡುಗಿಯ ಎತ್ತರ ನೋಡಿ ಅಂದಾಜಿಗೆ ಬರೆದುಕೊಂಡರು. ಅದರ ಬೆಲೆ ತಿಳಿದದ್ದು 2004ರ ಮೇ 31ಕ್ಕೆ, ಅವ್ವ ಶಿಕ್ಷಕಿ ನೌಕರಿಯಿಂದ ನಿವೃತ್ತಿ ಆದಾಗ. ಆಗ ನಿವೃತ್ತಿ ವಯಸ್ಸು 58.

ಹುಮನಾಬಾದದ ಅಜ್ಜಿ ಮಾತ್ರ ಕಡೆತನಕ ಒಂದೇ ಮಾತು ಹೇಳ್ತಿದ್ದಳು: "ರಜಾಕಾರರ ಗದ್ದಲ ಮುಗಿದ ವರ್ಷ ತಮ್ಮಾ. ಮಾಣಿಕಪ್ರಭು ಜಾತ್ರಿ ಆಗಿತ್ತು. ಸಂಕಷ್ಟಿ, ಐತ್ವಾರ. ನಮ್ಮತ್ತಿ ಉಪಾಸ ಬಿಡಲಾಕ ಚಂದಪ್ಪನ ದಾರಿ ನೋಡಕೋತ ಕುಂತಿದ್ದಳು. ಚಂದಪ್ಪ ಬಂದ, ನಿಮ್ಮವ್ವನೂ ಬಂದಳು." ಹಿರೇ ಮಾಮ ಇದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ತಂಗಿ ಹುಟ್ಟಿದ್ದು ಇಂಡಿಪೆಂಡೆನ್ಸ್ ಬಂದ ವರ್ಷ, ಅಂದರೆ 1947.

ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. ಆದರೆ ಅವಳು ದಿನ ಹೇಳಿದ ರೀತಿ ಇದೆಯಲ್ಲ, ಬಸ್ಸಿನಲ್ಲಿ ಒಂದು ತಾಸಿನೊಳಗೆ ಸಿಗುವ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷದ ಹಿಂದೆ ರಾಜರೂ ಹಾಗೇ ಹೇಳುತ್ತಿದ್ದರು.

1076ರಲ್ಲಿ ಪಟ್ಟಕ್ಕೆ ಬಂದ ಆರನೇ ವಿಕ್ರಮಾದಿತ್ಯ ಶಕವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನದೇ ಚಾಳುಕ್ಯ ವಿಕ್ರಮ ವರ್ಷ ಶುರು ಮಾಡಿದ. ಶಕ 998, ನಳ ಸಂವತ್ಸರವೇ ಒಂದನೇ ವರ್ಷ. ದೊಡ್ಡ ಧೈರ್ಯ! ಆದರೆ ಬದಲಾದದ್ದು ವರ್ಷದ ನಂಬರು ಮಾತ್ರ. ಶಾಸನದಲ್ಲಿ ಅದರ ಮುಂದೆ ಬರುವ ಸಂವತ್ಸರ, ಮಾಸ, ಶುದ್ಧವೋ ಬಹುಳವೋ, ತಿಥಿ, ವಾರ, ಇವು ಹಾಗೇ ಉಳಿದವು. ಚಂದ್ರನಿಗೆ ರಾಜಾಜ್ಞೆ ನಡೆಯೋದಿಲ್ಲ. ಚಾಲುಕ್ಯರ ಕಾಲ ಮುಗಿದ ಮೇಲೆ ಆ ಶಕೆ ಮರೆಗೆ ಸರಿಯಿತು, ತಿಥಿ ಇನ್ನೂ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿದೆ.

ಶಾಸನ ಓದುವವರಿಗೆ ಇದೇ ದೊಡ್ಡ ಆಧಾರ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರೋದಿಲ್ಲವಾದ್ದರಿಂದ ಒಂದು ತಿಥಿ ಸುಮಾರು 19ರಿಂದ 26 ತಾಸಿನವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ವಾರವೋ ಇದಾವುದರ ಹಂಗಿಲ್ಲದೆ ಏಳಕ್ಕೊಮ್ಮೆ ತಿರುಗುತ್ತದೆ. ಹೀಗಾಗಿ ಹೇಳಿದ ತಿಥಿಗೆ ಹೇಳಿದ ವಾರ ಸುಮ್ಮನೆ ಕೂಡಿಬರುವುದು ಏಳರಲ್ಲಿ ಒಂದು ಸಲ. ಫ್ಲೀಟ್, ಕೀಲ್‌ಹಾರ್ನ್‌ರಂಥವರು ಈ ಜೋಡಿ ಹಿಡಿದೇ ಶಾಸನಗಳ ಕಾಲ ತೂಗಿದರು. ತಾಳೆಯಾಗದ ಶಾಸನಗಳೂ ಇವೆ. ಕೆತ್ತಿದವನ ತಪ್ಪಿರಬಹುದು, ಎಷ್ಟೋ ವರ್ಷದ ಮೇಲೆ ಕೂತು ಹುಟ್ಟಿಸಿದ ದಾನಪತ್ರವೂ ಇರಬಹುದು.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಅಡುಗೆಯಿಂದ ಆನೆ ಹಿಡಿಯುವುದರವರೆಗೆ ಎಲ್ಲ ಇದೆ. ಗ್ರಹಗಳ ಲೆಕ್ಕ ಶುರು ಮಾಡಲು ಅಲ್ಲಿ ಒಂದು ದಿನ ಕೊಟ್ಟಿದ್ದಾನೆ: ಶಕ 1051, ಸೌಮ್ಯ ಸಂವತ್ಸರ, ಚೈತ್ರದ ಮೊದಲ ದಿನ, ಶುಕ್ರವಾರ. ಈಗಿನ ಲೆಕ್ಕಕ್ಕೆ ಅದು 1129ರ ಮಾರ್ಚ್ 22. ನಾನೂ ಹಾಳೆ ಪೆನ್ಸಿಲ್ ಹಿಡಿದು ಎಣಿಸಿದೆ. ಶುಕ್ರವಾರವೇ ಬಂತು. ಆ ಗ್ರಂಥದ ಕಾಲ ನಮಗೆ ತಿಳಿದಿರುವುದೂ ಮುಖ್ಯವಾಗಿ ಆ ಒಂದು ಸಾಲಿನಿಂದ.

ಇದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಬಸವಣ್ಣನವರು ಚಂದ್ರಬಲ, ತಾರಾಬಲ ನೋಡುವವರನ್ನು ವಚನದಲ್ಲಿ ಜಾಡಿಸಿದರು. ನಾವು ಅವರ ಜಯಂತಿಯನ್ನು ವೈಶಾಖ ಶುದ್ಧ ತದಿಗೆಗೇ ಮಾಡುತ್ತೇವೆ, ಅದು ಬೇರೆ ಮಾತು.

ಮುಂದೆ ಇಲ್ಲಿಗೆ ಹಿಜರಿ ಬಂತು. ಅದೂ ಚಂದ್ರನದೇ ತಿಂಗಳು. ಅಮಾವಾಸ್ಯೆ ಕಳೆದು ಸಂಜೆ ಪಡುವಣದಲ್ಲಿ ಚಂದ್ರ ಕಂಡರೆ ತಿಂಗಳು ಶುರು, ಹಾಗಾಗಿ ಹಿಜರಿ ತಾರೀಖು ನಮ್ಮ ತಿಥಿಗಿಂತ ಒಂದೆರಡು ದಿನ ಹಿಂದೆ ನಡೆಯುತ್ತದೆ. ನಮ್ಮಲ್ಲಿ ಅಧಿಕಮಾಸ ಹಾಕಿ ಋತುವಿಗೆ ಹೊಂದಿಸುತ್ತಾರೆ, ಹಿಜರಿಯಲ್ಲಿ ಅದಿಲ್ಲ. ವರ್ಷ 354 ದಿನದ್ದು. ಬೆಳೆ ಬರೋದು ಬಿಸಿಲು ಮಳೆ ನೋಡಿ, ಚಂದ್ರನನ್ನು ನೋಡಿ ಅಲ್ಲವಲ್ಲ. ಅದಕ್ಕೇ ಕಂದಾಯಕ್ಕೆ ಬೇರೆ ಫಸಲಿ ವರ್ಷ. ನಿಜಾಮರ ಫಸಲಿಗೆ ಸುಮಾರು 590 ಕೂಡಿಸಿದರೆ ಇಸವಿ ಸಿಗುತ್ತದೆ.

1948ರ ಸೆಪ್ಟೆಂಬರ್ ನೋಡಿ. 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರುವಾಗಿ 17ಕ್ಕೆ ನಿಜಾಮ ಶರಣಾದ. ಕಚೇರಿ ಕಾಗದದಲ್ಲಿ ಅದು ಫಸಲಿ 1357, ಮಸೀದಿಯಲ್ಲಿ ಹಿಜರಿ 1367, ನಮ್ಮ ಅಜ್ಜಿಗೆ ಭಾದ್ರಪದ ಹುಣ್ಣಿಮೆಯ ಹಿಂದಿನ ದಿನ.

ಈಗ ಅವ್ವನ ಲೆಕ್ಕಕ್ಕೆ ಬರೋಣ. ಮಾಣಿಕನಗರದ ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ. ಮಾಣಿಕಪ್ರಭುಗಳು ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ್ದೂ ಅದೇ ತಿಥಿಗೆ. 1948ರ ದೀಪಾವಳಿ ಅಮಾವಾಸ್ಯೆ ನವೆಂಬರ್ 1ಕ್ಕೆ. ಅವತ್ತು ಕೆನ್ಯಾದ ಕಡೆ ಪೂರ್ಣ ಸೂರ್ಯಗ್ರಹಣವೂ ಆಗಿತ್ತಾದ್ದರಿಂದ ಅಮಾವಾಸ್ಯೆ ಬಗ್ಗೆ ಸಂಶಯ ಬೇಡ. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ, ಅಂಥ ಒಂದೂವರೆ ತಿಂಗಳು ಕೂಡಿಸಿದರೆ ಮಾರ್ಗಶಿರ ಹುಣ್ಣಿಮೆ ಡಿಸೆಂಬರ್ 15-16ರ ಸುಮಾರಿಗೆ. ಸರಿಯಾಗಿ ನೋಡಿದರೆ 16ರ ಮಧ್ಯಾಹ್ನ. ಹುಣ್ಣಿಮೆ ಚಂದ್ರ ಹೊತ್ತು ಮುಳುಗುವಾಗ ಹುಟ್ಟುತ್ತಾನೆ, ಆಮೇಲೆ ದಿನಾ ಹೆಚ್ಚುಕಡಿಮೆ 50 ನಿಮಿಷ ತಡ. ಸಂಕಷ್ಟಿಗೆ ಚಂದ್ರ ಹುಟ್ಟುವಾಗ ಚೌತಿ ಇರಬೇಕು. ಅದು ಬೀಳುವುದು ಡಿಸೆಂಬರ್ 19ಕ್ಕೆ, ಚಂದ್ರೋದಯ ರಾತ್ರಿ ಎಂಟೂವರೆ-ಒಂಬತ್ತರ ನಡುವೆ. (ನಮ್ಮ ಮನೆಗಳಲ್ಲಿ ತೂಗುವ ಮರಾಠಿ ಕ್ಯಾಲೆಂಡರಿನಲ್ಲಿ ಮುಂಬೈ ಸಮಯ ನೋಡಬೇಡಿ. ನಾವು ಪೂರ್ವಕ್ಕಿದ್ದೇವೆ, ಇಲ್ಲಿ ಕಾಲು ತಾಸು ಮೊದಲೇ ಹುಟ್ಟುತ್ತಾನೆ. ಉಪವಾಸ ಇದ್ದವರಿಗೆ ಕಾಲು ತಾಸು ಸಣ್ಣದಲ್ಲ.)

1948ರ ಡಿಸೆಂಬರ್ 19 ಯಾವ ವಾರ? ಐತ್ವಾರ. ಮಾಮನ 1947ರಲ್ಲಿ ಅದೇ ಸಂಕಷ್ಟಿ ವರ್ಷದ ಕೊನೆಯ ಎರಡು ದಿನದಲ್ಲಿ, ಮಂಗಳವಾರವೋ ಬುಧವಾರವೋ ಬರುತ್ತದೆ. ಶಾಲೆಯವರ 1946ಕ್ಕೂ ಐತ್ವಾರ ಕೂಡೋದಿಲ್ಲ, 1949ಕ್ಕೂ ಇಲ್ಲ. ಶಾಸನದ ಆದಿತ್ಯವಾರವೇ ಸವೆದು ನಮ್ಮ ಬಾಯಲ್ಲಿ ಐತ್ವಾರ ಆಗಿದೆ. ಆ ಒಂದು ಶಬ್ದ ಅಜ್ಜಿ ಬಿಟ್ಟಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ.

ಅಂದರೆ ಅವ್ವನ ನೌಕರಿ ಇನ್ನೂ ಎರಡೂವರೆ ವರ್ಷ ಉಳಿದಿತ್ತು. ಹಾಳೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಹಂಗಾರ ಮುಂದಿನ ಸಂಕಷ್ಟಿ ಯಾವಾಗ ಅದ ನೋಡು" ಅಂದಳು.