ನರಕೋಶದ ಉಳಿವು ಮತ್ತು ಸಂಕೇತದ ಹಾದಿ: ಮದ್ರಾಸ್ ಮಾದರಿಯ ಮೋಟಾರ್ ನ್ಯೂರಾನ್ ರೋಗದ ಒಂದು ಮರುಓದು

1970ರಲ್ಲಿ ಇ. ಮೀನಾಕ್ಷಿಸುಂದರಂ, ಕೆ. ಜಗನ್ನಾಥನ್ ಮತ್ತು ಬಿ. ರಾಮಮೂರ್ತಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಮದ್ರಾಸಿನ ಎಳೆಯ ವಯಸ್ಸಿನವರಲ್ಲಿ ಮೋಟಾರ್ ನ್ಯೂರಾನ್ ರೋಗ ಬೇರೆಯದೇ ರೂಪದಲ್ಲಿ ಕಾಣಿಸಿಕೊಳ್ಳುತ್ತಿದೆ ಎಂಬುದು ಅದರ ತಿರುಳು. ಇದಕ್ಕೆ ಹಿನ್ನೆಲೆಯಾದ ನಗರದ ನರವಿಜ್ಞಾನ ಪರಂಪರೆ ಬೆಳೆದದ್ದು ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ. ರಾಮಮೂರ್ತಿಯವರು ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದ್ದು 1950ರಲ್ಲಿ. ನಗರದ ಪೆರಂಬೂರು ಬಡಾವಣೆಯಲ್ಲಿ ಲೋಕಲ್ ರೈಲು ಹತ್ತಿದರೆ ವ್ಯಾಸರ್ಪಾಡಿ ಜೀವಾ, ಬೇಸಿನ್ ಬ್ರಿಡ್ಜ್ ದಾಟಿ ಸೆಂಟ್ರಲ್; ಅಲ್ಲಿಂದ ರಸ್ತೆ ದಾಟಿದರೆ ಆ ಆಸ್ಪತ್ರೆ. ಬೆಂಗಳೂರಿನಿಂದ ಬರುವ ಹಳಿಯೂ ಪೆರಂಬೂರನ್ನು ಹಾದೇ ಸೆಂಟ್ರಲ್ ಸೇರುತ್ತದೆ. ಮದ್ರಾಸಿನಲ್ಲಿ ಗುರುತಾದ ಈ ಕಾಯಿಲೆಯ ಮುಂದಿನ ಅಧ್ಯಯನ ಬಹುಮಟ್ಟಿಗೆ ಆ ಹಳಿಯ ಮತ್ತೊಂದು ತುದಿಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆಯಿತು. ಎಂ. ಗೌರಿದೇವಿ ಮತ್ತು ಟಿ. ಜಿ. ಸುರೇಶ್ 1988ರಲ್ಲಿ ಪ್ರಕಟಿಸಿದ ಲೇಖನ, ಇದು ಮದ್ರಾಸ್ ಒಂದಕ್ಕೇ ಸೀಮಿತವಲ್ಲ, ದಕ್ಷಿಣ ಭಾರತದ್ದು ಎಂಬುದನ್ನು ಮನದಟ್ಟು ಮಾಡಿತು. ಕರ್ನಾಟಕದ ರೋಗಿಗಳೂ ಈ ಗುಂಪಿನಲ್ಲಿದ್ದಾರೆ.

ರೋಗದ ಚಿತ್ರ ವಿಶಿಷ್ಟವಾದದ್ದು. ಮೋಟಾರ್ ನ್ಯೂರಾನ್ ರೋಗದ ಸಾಮಾನ್ಯ ರೂಪವಾದ ಎಎಲ್ಎಸ್ ನಡುವಯಸ್ಸು ದಾಟಿದವರನ್ನು ಹಿಡಿದು ಕೆಲವೇ ವರ್ಷಗಳಲ್ಲಿ ಉಸಿರಾಟದ ಸ್ನಾಯುಗಳಿಗೆ ಬರುತ್ತದೆ. ಇದು ಹಾಗಲ್ಲ. ಸಾಮಾನ್ಯವಾಗಿ ಮೂವತ್ತರೊಳಗೆ, ಅನೇಕರಲ್ಲಿ ಹದಿಹರೆಯದಲ್ಲೇ ತೊಡಗುತ್ತದೆ. ಒಂದು ಕೈ ಸೊರಗುತ್ತದೆ, ಮತ್ತೊಂದು ಅಷ್ಟಾಗಿ ಸೊರಗುವುದಿಲ್ಲ. ಮುಖದ ಸ್ನಾಯುಗಳು ಸಡಿಲಗೊಳ್ಳುತ್ತವೆ. ರೋಗಿ ಬಾಯಿ ತೆರೆದಾಗ ನಾಲಗೆಯ ಅಂಚು ಸವೆದು ಸುಕ್ಕುಗಟ್ಟಿರುತ್ತದೆ. ಅದರ ಮೇಲ್ಮೈ ತಾನಾಗಿಯೇ ಅಲ್ಲಲ್ಲಿ ಅದುರುತ್ತಿರುತ್ತದೆ. ಮಾತು ಮೂಗಿನಲ್ಲಿ ಬರುತ್ತದೆ. ಇವೆಲ್ಲದರ ಜೊತೆಗೆ ಬಹುಪಾಲು ರೋಗಿಗಳಲ್ಲಿ ಕಿವಿ ಮಂದವಾಗುತ್ತದೆ, ಅದೂ ನರಸಂಬಂಧಿ ಕಿವುಡು. ಆದರೆ ಕಣ್ಣುಗುಡ್ಡೆಗಳನ್ನು ತಿರುಗಿಸುವ ನರಗಳಿಗೆ ಏನೂ ಆಗಿರುವುದಿಲ್ಲ. ಕಾಯಿಲೆ ನಿಧಾನ, ದಶಕಗಳ ಕಾಲ ಬದುಕಿ ದುಡಿದವರಿದ್ದಾರೆ. ಕೆಲವರಲ್ಲಿ ಕಣ್ಣಿನ ನರವೂ ಕುಂದುತ್ತದೆ. ಅದನ್ನು ಇದರದೇ ಒಂದು ಪ್ರಭೇದವೆಂದು ಗುರುತಿಸಲಾಗಿದೆ.

ನಾಲಗೆಯ ಚಾಲಕ ನರಕೋಶ ಮತ್ತು ಕಿವಿಯ ಸಂವೇದನಾ ನರಕೋಶ ಒಂದೇ ವರ್ಗದವಲ್ಲ, ಭ್ರೂಣದಲ್ಲಿ ಒಂದೇ ಮೂಲದಿಂದ ಬಂದವೂ ಅಲ್ಲ. ಒಂದು ಆಜ್ಞೆ ಕಳಿಸುತ್ತದೆ, ಇನ್ನೊಂದು ಸುದ್ದಿ ತರುತ್ತದೆ. ಇವೆರಡೂ ಒಟ್ಟಿಗೆ ಕುಂದುವುದು, ಕಣ್ಣಿನ ಚಾಲಕ ನರಕೋಶಗಳು ಉಳಿಯುವುದು ಏಕೆ? ಈ ಪ್ರಶ್ನೆಯನ್ನು ನರಪೋಷಕ ಸಂಕೇತಗಳ ವಿಜ್ಞಾನದ ಮುಂದಿಟ್ಟು ನೋಡುವುದು ಈ ಲೇಖನದ ಉದ್ದೇಶ. ಬೆಳವಣಿಗೆ ಅಂಶದ ಪ್ರಮಾಣ ಎಷ್ಟು ಎಂಬುದಕ್ಕಿಂತ ಅದರ ಸಂಕೇತ ಯಾವ ತುದಿಯಲ್ಲಿ ಹುಟ್ಟಿ, ಯಾವ ಹಾದಿಯಲ್ಲಿ ಸಾಗಿ ನರಕೋಶದ ಕೇಂದ್ರವನ್ನು ಮುಟ್ಟುತ್ತದೆ ಎಂಬುದೇ ನಿರ್ಣಾಯಕ ಎಂಬುದು ನನ್ನ ವಾದ.

ನರಕೋಶ ತನ್ನಷ್ಟಕ್ಕೆ ಬದುಕುವುದಿಲ್ಲ ಎಂಬ ಅರಿವು ಕೋಳಿಯ ಭ್ರೂಣದಿಂದ ಬಂತು. ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಭ್ರೂಣದ ರೆಕ್ಕೆಯ ಮೊಗ್ಗನ್ನು ಕತ್ತರಿಸಿ ತೆಗೆದಾಗ, ಆ ಬದಿಯ ಮಿದುಳುಬಳ್ಳಿಯಲ್ಲಿ ನರಕೋಶಗಳು ವಿರಳವಾದದ್ದನ್ನು ಕಂಡರು. ರೀಟಾ ಲೆವಿ-ಮೊಂಟಾಲ್ಚಿನಿ ಮುಸೊಲಿನಿಯ ಜನಾಂಗೀಯ ಕಾನೂನಿನಿಂದ ವಿಶ್ವವಿದ್ಯಾಲಯದ ಹೊರಗಾಗಿ, ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಇದನ್ನು ಮತ್ತೆ ಪರೀಕ್ಷಿಸಿದರು. ಕೋಶಗಳು ಹುಟ್ಟದೆ ಹೋದದ್ದಲ್ಲ, ಹುಟ್ಟಿ ಸತ್ತವು ಎಂಬುದು ಅವರ ನಿಲುವು, ಅದೇ ನಿಂತಿತು. ಸಹಜ ಭ್ರೂಣದಲ್ಲೂ ಈ ಸಾವು ನಡೆಯುತ್ತದೆ. ಕೋಳಿಯ ಕಾಲಿಗೆ ಹೋಗುವ ಚಾಲಕ ನರಕೋಶಗಳಲ್ಲಿ ಸುಮಾರು ಶೇ. 40 ಭ್ರೂಣಾವಸ್ಥೆಯಲ್ಲೇ ಸಾಯುತ್ತವೆ ಎಂದು ಹ್ಯಾಂಬರ್ಗರ್ 1975ರಲ್ಲಿ ಎಣಿಸಿ ತೋರಿಸಿದರು. ಭ್ರೂಣಕ್ಕೆ ಹೆಚ್ಚುವರಿ ಕಾಲೊಂದನ್ನು ಕಸಿ ಮಾಡಿದರೆ ಸಾಯಬೇಕಿದ್ದ ಕೆಲವು ಕೋಶಗಳು ಉಳಿಯುತ್ತವೆ. ಅಂದರೆ ಯಾವ ಕೋಶ ಉಳಿಯಬೇಕು ಎಂಬ ತೀರ್ಮಾನ ಅದು ತಲುಪುವ ಅಂಗದಲ್ಲಿ ಆಗುತ್ತದೆ.

ಆ ಸಂದೇಶದ ವಸ್ತುರೂಪ ಸಿಕ್ಕಿದ್ದು 1950ರ ದಶಕದಲ್ಲಿ. ಲೆವಿ-ಮೊಂಟಾಲ್ಚಿನಿ 1952ರಲ್ಲಿ ರಿಯೊ ಡಿ ಜನೈರೊಗೆ ಹೋಗಿ ಹೆರ್ಥಾ ಮೇಯರ್ ಅವರ ಪ್ರಯೋಗಶಾಲೆಯಲ್ಲಿ, ಇಲಿಯ ಗಡ್ಡೆಯ ತುಣುಕಿನ ಪಕ್ಕ ನರಗ್ರಂಥಿಯನ್ನು ಇಟ್ಟು ಬೆಳೆಸಿದರು. ಗ್ರಂಥಿಯ ಸುತ್ತ ನರತಂತುಗಳು ಪ್ರಭಾವಳಿಯಂತೆ ಹೊಮ್ಮಿದವು. ಸ್ಟ್ಯಾನ್ಲಿ ಕೊಹೆನ್ ಆ ಅಂಶವನ್ನು ಬೇರ್ಪಡಿಸುವಾಗ, ಅದರಲ್ಲಿನ ನ್ಯೂಕ್ಲಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬಳಸಿದರು. ಆ ವಿಷದಲ್ಲೇ ಗಡ್ಡೆಗಿಂತ ಎಷ್ಟೋ ಪಟ್ಟು ಪ್ರಬಲವಾದ ಅದೇ ಗುಣ ಸಿಕ್ಕಿತು. ನಮ್ಮ ನಾಗರಹಾವಿನ ವಿಷದಿಂದಲೂ ಆ ಪ್ರೋಟೀನನ್ನು ಮುಂದೆ ಶುದ್ಧೀಕರಿಸಲಾಗಿದೆ. ಅದೇ ಎನ್‌ಜಿಎಫ್, ಅಂದರೆ ನರ ಬೆಳವಣಿಗೆ ಅಂಶ. 1986ರ ನೊಬೆಲ್ ಇಬ್ಬರಿಗೂ ಸಂದಿತು. ಹ್ಯಾಂಬರ್ಗರ್ ಅವರನ್ನು ಕೈಬಿಟ್ಟದ್ದು ಸರಿಯಾಗಲಿಲ್ಲ ಎಂದೇ ನನ್ನ ಭಾವನೆ. 1982ರಲ್ಲಿ ಹಂದಿಯ ಮಿದುಳಿನಿಂದ ಬಿಡಿಎನ್‌ಎಫ್ ಎಂಬ ಇಂಥದೇ ಪೋಷಕ ಅಂಶ ಬಂತು, ಬಳಿಕ ಎನ್‌ಟಿ-3. ಜಿಡಿಎನ್‌ಎಫ್ ಎಂಬ ಮತ್ತೊಂದು ಅಂಶ ಚಾಲಕ ನರಕೋಶಗಳನ್ನು ಉಳಿಸುತ್ತದೆ ಎಂಬುದು 1994ರಲ್ಲಿ ತಿಳಿಯಿತು.

ಸಂಕೇತದ ಕೆಲಸ ನಡೆಯುವ ಬಗೆ ಹೀಗಿದೆ. ಎನ್‌ಜಿಎಫ್ ತಂತುವಿನ ತುದಿಯಲ್ಲಿರುವ ಟ್ರಕ್-ಎ ಗ್ರಾಹಕಕ್ಕೆ ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗಿ, ಒಂದರ ಟೈರೋಸಿನ್‌ಗೆ ಇನ್ನೊಂದು ಫಾಸ್ಫೇಟ್ ಸೇರಿಸುತ್ತದೆ. ಅಲ್ಲಿಂದ ಕವಲುಗಳು ಒಡೆಯುತ್ತವೆ: ರಾಸ್–ಇಆರ್‌ಕೆ ಮಾರ್ಗ ತಂತುವಿನ ಬೆಳವಣಿಗೆ ಮತ್ತು ಜೀನ್‌ಗಳ ಅಭಿವ್ಯಕ್ತಿಯ ಕಡೆ, ಪಿಐ3-ಕೈನೇಸ್–ಎಕೆಟಿ ಮಾರ್ಗ ಉಳಿವಿನ ಕಡೆ. ಎಕೆಟಿ ಸಾವನ್ನು ಪ್ರಚೋದಿಸುವ ಬ್ಯಾಡ್ ಮುಂತಾದ ಪ್ರೋಟೀನುಗಳನ್ನು ಸುಮ್ಮನಿರಿಸುತ್ತದೆ. ಸಂಕೇತ ನಿಂತರೆ ಈ ತಡೆ ಸಡಿಲಗೊಂಡು ಕೋಶ ತನ್ನನ್ನು ತಾನೇ ಕಳಚಿಕೊಳ್ಳತೊಡಗುತ್ತದೆ. ಇದರ ಎದುರುಬದಿಯೂ ಇದೆ. ಇನ್ನೂ ಪಕ್ವಗೊಳ್ಳದ ಪ್ರೊ-ಎನ್‌ಜಿಎಫ್, ಪಿ75 ಮತ್ತು ಸಾರ್ಟಿಲಿನ್ ಜೋಡಿಗೆ ಅಂಟಿದರೆ ಸಾವನ್ನೇ ಆದೇಶಿಸುತ್ತದೆ. ಒಂದೇ ಜೀನಿನ ಉತ್ಪನ್ನ ಕತ್ತರಿಸಿದಾಗ ಜೀವದ ಕಡೆ, ಕತ್ತರಿಸದೆ ಬಿಟ್ಟಾಗ ಸಾವಿನ ಕಡೆ ವಾಲುತ್ತದೆ. ಟ್ರಕ್-ಎ ಜೀನ್ ಕೆಟ್ಟ ಮಕ್ಕಳು ನೋವನ್ನೇ ಅರಿಯದೆ, ಬೆವರದೆ ಹುಟ್ಟುತ್ತಾರೆ ಎಂಬುದು 1996ರಲ್ಲಿ ಸ್ಪಷ್ಟವಾಯಿತು. ಈ ಸರಣಿ ಮನುಷ್ಯರಿಗೂ ಅನಿವಾರ್ಯ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲೂ ಸಿಗುತ್ತದೆ. ದೂರದ ಮಾತು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪಾದದ ಸ್ನಾಯುವಿಗೆ ಹೋಗುವ ಮನುಷ್ಯನ ಚಾಲಕ ನರಕೋಶದ ತಂತು ಸುಮಾರು ಒಂದು ಮೀಟರ್ ಉದ್ದ. ತುದಿಯಲ್ಲಿ ಅಂಟಿದ ಅಂಶವೂ ಗ್ರಾಹಕವೂ ಒಂದು ಪುಟ್ಟ ಕೋಶಿಕೆಯೊಳಗೆ ಸೇರಿ, ಡೈನೀನ್ ಎಂಬ ಚಾಲಕ ಪ್ರೋಟೀನಿನ ಮೇಲೆ ಸೂಕ್ಷ್ಮನಾಳಗಳ ಗುಂಟ ಹಿಂದಕ್ಕೆ ಸಾಗಬೇಕು. ದಿನಕ್ಕೆ 100ರಿಂದ 200 ಮಿಲಿಮೀಟರ್ ವೇಗವೆಂದು ಹಿಡಿದರೂ ಪಾದದ ಸಂದೇಶ ಮಿದುಳುಬಳ್ಳಿ ಮುಟ್ಟಲು ಐದರಿಂದ ಹತ್ತು ದಿನ ಬೇಕು. ಅಷ್ಟು ದಿನವೂ ಗ್ರಾಹಕದ ಮೇಲಿನ ಫಾಸ್ಫೇಟ್ ಉಳಿದಿರಬೇಕು. ಹಾದಿಯಲ್ಲಿ ಕೆಡುಕಾದರೆ ತುದಿಯಲ್ಲಿ ಎಷ್ಟು ಪೋಷಕ ಅಂಶವಿದ್ದೂ ಪ್ರಯೋಜನವಿಲ್ಲ. ಡೈನೀನ್‌ಗೆ ಜೊತೆಯಾಗುವ ಡೈನಾಕ್ಟಿನ್ ಜೀನಿನ ದೋಷ 2003ರಲ್ಲಿ ಒಂದು ಕುಟುಂಬದಲ್ಲಿ ಪತ್ತೆಯಾಯಿತು. ಅವರ ರೋಗ ಮೊದಲು ತೋರಿದ್ದು ಧ್ವನಿತಂತುಗಳ ದೌರ್ಬಲ್ಯವಾಗಿ. ಮುಖ ಮತ್ತು ಕೈಗಳು ಆಮೇಲೆ. ಮದ್ರಾಸ್ ಮಾದರಿಯನ್ನು ಬಲ್ಲವರಿಗೆ ಈ ಸಾಲು ಓದಿದಾಗ ಮನಸ್ಸು ಅಲ್ಲೇ ತಡೆದು ನಿಲ್ಲುತ್ತದೆ. ಆದರೂ ಎರಡು ಕಾಯಿಲೆಗಳ ಹೋಲಿಕೆ ಕಾರಣದ ಏಕತೆಗೆ ಸಾಕ್ಷಿಯಲ್ಲ, ಹುಡುಕಬೇಕಾದ ದಿಕ್ಕಿಗೆ ಮಾತ್ರ ಸೂಚನೆ.

ಕಿವಿಗೆ ಬರೋಣ. ಕಾಕ್ಲಿಯಾದ ನರಕೋಶಗಳು ಎನ್‌ಟಿ-3 ಮತ್ತು ಬಿಡಿಎನ್‌ಎಫ್ ಎರಡನ್ನೂ ನೆಚ್ಚಿಕೊಂಡಿವೆ. ಎರಡೂ ಜೀನ್ ಇಲ್ಲದ ಇಲಿಗಳಲ್ಲಿ ಒಳಗಿವಿಗೆ ನರಸಂಪರ್ಕವೇ ಉಳಿಯುವುದಿಲ್ಲ. ಪೆರಂಬೂರಿನ ಸಂದರ್ಭದಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ಇಲ್ಲಿ 1955ರಿಂದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಇದೆ. ಸಾಲಾಗಿ ಬರುವ ಎರಡು ನಿಲ್ದಾಣಗಳ ಹೆಸರೇ ಕ್ಯಾರೇಜ್ ವರ್ಕ್ಸ್, ಲೋಕೋ ವರ್ಕ್ಸ್. ಲೋಹದ ಮೇಲೆ ಲೋಹ ಬಡಿಯುವ ಸದ್ದಿನ ನಡುವೆ ದುಡಿದವರ ಕಿವಿ ಮಂದವಾದರೆ ಅದನ್ನು ಸದ್ದಿನ ಲೆಕ್ಕಕ್ಕೆ ಹಾಕುವುದು ಸಹಜ. 2009ರಲ್ಲಿ ಕುಜಾವ ಮತ್ತು ಲಿಬರ್‌ಮನ್ ಇಲಿಗಳಲ್ಲಿ ತೋರಿಸಿದಂತೆ, ತಾತ್ಕಾಲಿಕವೆನಿಸುವ ಶ್ರವಣದೋಷ ಸರಿಹೋದ ಮೇಲೂ ಕೇಶಕೋಶ ಮತ್ತು ನರದ ನಡುವಿನ ಸಂಧಿಗಳು ಕಳಚಿಹೋಗಿರುತ್ತವೆ. ನರಕೋಶಗಳು ಮಾತ್ರ ತಿಂಗಳುಗಟ್ಟಲೆ ತಡವಾಗಿ ಸಾಯುತ್ತವೆ. ಅದೇ ಕಿವಿಯ ಆಧಾರಕೋಶಗಳಲ್ಲಿ ಎನ್‌ಟಿ-3 ಹೆಚ್ಚಿಸಿದರೆ ಇಲಿಗಳಲ್ಲಿ ಸಂಧಿಗಳು ಮತ್ತೆ ಕೂಡುತ್ತವೆ ಎಂಬುದು 2014ರ ಫಲಿತಾಂಶ. ಹಾಗಾಗಿ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಹದಿನೆಂಟರ ಹುಡುಗ ಕಿವಿ ಕೇಳದೆಂದು ಬಂದಾಗ, ವೈದ್ಯರು ಅವನ ನಾಲಗೆಯನ್ನೂ ಅಂಗೈ ಸ್ನಾಯುಗಳನ್ನೂ ನೋಡದೆ ಕಳಿಸಬಾರದು. ಸದ್ದಿನಿಂದ ನಾಲಗೆ ಅದುರುವುದಿಲ್ಲ.

ಈ ಅಂಶಗಳನ್ನೇ ಔಷಧವಾಗಿ ಕೊಟ್ಟರೆ? ಪ್ರಯತ್ನ ನಡೆದಿದೆ, ದೊಡ್ಡ ಮಟ್ಟದಲ್ಲೇ. 1999ರಲ್ಲಿ ವರದಿಯಾದ ಪ್ರಯೋಗದಲ್ಲಿ ಚರ್ಮದಡಿಗೆ ಚುಚ್ಚುವ ಬಿಡಿಎನ್‌ಎಫ್ ಅನ್ನು ಎಎಲ್ಎಸ್‌ನ 1135 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಒಟ್ಟಾರೆ ಬದುಕುಳಿವಿನಲ್ಲಿ ಲಾಭ ಕಾಣಲಿಲ್ಲ. ಸಿಎನ್‌ಟಿಎಫ್ ಎಂಬ ಇನ್ನೊಂದು ಪೋಷಕ ಅಂಶ ಪಡೆದವರು ತೂಕ ಕಳೆದುಕೊಂಡರು. 2008ರಲ್ಲಿ 330 ರೋಗಿಗಳ ಪ್ರಯೋಗದಲ್ಲಿ ಐಜಿಎಫ್-1 ಎಂಬ ಅಂಶವೂ ಸೋತಿತು. ಈ ಸೋಲುಗಳನ್ನು ಕಂಡು ಸಿದ್ಧಾಂತವೇ ಸುಳ್ಳೆಂದವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ರಕ್ತದಲ್ಲಿ ಬೇಗನೆ ಕ್ಷಯಿಸುವ, ಅಂಗಾಂಶಕ್ಕೆ ಅಂಟಿಕೊಳ್ಳುವ ಪ್ರೋಟೀನು ಸಂಧಿಯ ಅಂಚಿಗೆ ಎಷ್ಟು ಮುಟ್ಟೀತು? ಅದೇ ಎನ್‌ಜಿಎಫ್ ಅನ್ನು ಕಣ್ಣಿನ ಹನಿಯಾಗಿ ನೇರ ಕಾರ್ನಿಯಾದ ನರತುದಿಗೆ ಹಾಕಿದಾಗ ಗೆದ್ದಿತು: ಸೆನೆಗರ್ಮಿನ್ ಎಂಬ ಆ ಔಷಧಕ್ಕೆ 2017ರಲ್ಲಿ ಯುರೋಪ್, 2018ರಲ್ಲಿ ಅಮೆರಿಕ ಅನುಮತಿ ನೀಡಿದವು.

ನಿಮ್ಹಾನ್ಸ್‌ನ ಟಿ. ಆರ್. ರಾಜು, ಫಲ್ಗುಣಿ ಅಲ್ಲಾಡಿ, ಎ. ನಳಿನಿ ಮತ್ತವರ ಸಂಗಡಿಗರ ಕೆಲಸಕ್ಕೆ ಇಲ್ಲಿ ಮಹತ್ವವಿದೆ. ಎಎಲ್ಎಸ್ ರೋಗಿಗಳ ಮಿದುಳುದ್ರವವನ್ನು ಎನ್ಎಸ್‌ಸಿ-34 ಎಂಬ ಚಾಲಕ ನರಕೋಶ ಮಾದರಿಗೆ ಸೋಕಿಸಿದಾಗ ಕೋಶಗಳು ಕುಗ್ಗಿ ಸಾಯುತ್ತವೆ. ವಿಇಜಿಎಫ್ ಸೇರಿಸಿದರೆ ಆ ಹಾನಿ ತಗ್ಗುತ್ತದೆ ಎಂದು 2011ರಲ್ಲಿ ತೋರಿಸಿದರು. ಬಿಡಿಎನ್‌ಎಫ್ ಮೇಲೂ ಇಂಥದೇ ಅಧ್ಯಯನ ನಡೆಸಿದರು. ರಕ್ತನಾಳಗಳನ್ನು ಬೆಳೆಸುವ ಅಂಶವೆಂದು ಹೆಸರಾದ ವಿಇಜಿಎಫ್ ನರಕೋಶಕ್ಕೂ ಆಸರೆ ಎಂಬುದು ಇದರಿಂದ ಇನ್ನಷ್ಟು ಗಟ್ಟಿಯಾಯಿತು. ಆದರೆ ತಟ್ಟೆಯಲ್ಲಿನ ಕೋಶ ಇಡಿಯಾಗಿ ದ್ರವದಲ್ಲಿ ಮುಳುಗಿರುತ್ತದೆ, ತುದಿ ಮತ್ತು ಕೇಂದ್ರದ ಭೇದ ಅಲ್ಲಿಲ್ಲ.

ನನ್ನ ವಾದಕ್ಕೆ ಎದುರಾಗುವ ಒಂದು ಗಟ್ಟಿ ಉದಾಹರಣೆಯನ್ನು ಮುಚ್ಚಿಡುವಂತಿಲ್ಲ. ಬ್ರೌನ್–ವಿಯಾಲೆಟ್ಟೊ–ವಾನ್ ಲೇರ್ ಸಿಂಡ್ರೋಮ್ ಮದ್ರಾಸ್ ಮಾದರಿಗೆ ಬಹಳ ಹತ್ತಿರ: ಕಿವುಡು, ಮುಖ-ನಾಲಗೆ-ಗಂಟಲಿನ ದೌರ್ಬಲ್ಯ, ಎಳೆಯ ವಯಸ್ಸು. 2010ರಲ್ಲಿ ಅದರ ಬೇರು ರೈಬೊಫ್ಲೇವಿನ್ ಅನ್ನು, ಅಂದರೆ ಬಿ2 ವಿಟಮಿನ್ ಅನ್ನು, ಕೋಶದೊಳಗೆ ಒಯ್ಯುವ ಪ್ರೋಟೀನಿನ ಜೀನಿನಲ್ಲಿದೆಯೆಂದು ಗೊತ್ತಾಯಿತು. ಹೆಚ್ಚಿನ ಪ್ರಮಾಣದ ರೈಬೊಫ್ಲೇವಿನ್ ಕೊಟ್ಟಾಗ ಹಲವು ಮಕ್ಕಳು ಚೇತರಿಸಿಕೊಂಡಿದ್ದಾರೆ. ಅಲ್ಲಿ ಪೋಷಕ ಅಂಶಕ್ಕೂ ಅದರ ಹಾದಿಗೂ ಮೊದಲ ಪಾತ್ರವಿಲ್ಲ. ಕೋಶದ ಒಳಗಿನ ಇಂಧನವ್ಯವಸ್ಥೆಯೇ ಸೊರಗಿದೆ. ಮದ್ರಾಸಿನ ಸಂಶೋಧಕರು 1973ರಷ್ಟು ಹಿಂದೆಯೇ ತಮ್ಮ ರೋಗಿಗಳ ಚಯಾಪಚಯವನ್ನು ತಪಾಸಿಸಿದ್ದರು ಎಂಬುದು ಅವರ ದೂರದೃಷ್ಟಿಗೆ ಸಾಕ್ಷಿ. ಆದ್ದರಿಂದ ಕಿವುಡು ಮತ್ತು ನಾಲಗೆಯ ದೌರ್ಬಲ್ಯ ಒಟ್ಟಿಗೆ ಕಂಡ ಯಾವ ಯುವರೋಗಿಯಲ್ಲೂ ರೈಬೊಫ್ಲೇವಿನ್ ಒಯ್ಯುವ ಪ್ರೋಟೀನುಗಳ ಜೀನ್‌ಗಳ ಪರೀಕ್ಷೆ ಮೊದಲು ಆಗಬೇಕು, ಫಲಿತಾಂಶಕ್ಕೆ ಕಾಯುತ್ತಲೇ ರೈಬೊಫ್ಲೇವಿನ್ ಆರಂಭಿಸಬೇಕು. ಅಗ್ಗದ ಔಷಧ, ತಡಮಾಡಿದರೆ ಹೋದ ನರಕೋಶ ಮರಳುವುದಿಲ್ಲ.

ಆ ಪರೀಕ್ಷೆಯಲ್ಲಿ ದೋಷ ಸಿಗದೆ ಉಳಿಯುವವರಿಗಾಗಿ ಒಂದು ಪ್ರಯೋಗವನ್ನು ಪ್ರಸ್ತಾಪಿಸುತ್ತೇನೆ. ರಾಬರ್ಟ್ ಕ್ಯಾಂಪನಾಟ್ 1977ರಲ್ಲಿ ಗ್ರೀಸ್ ಹಚ್ಚಿದ ಟೆಫ್ಲಾನ್ ಗೋಡೆಯಿಂದ ಕೋಶ ಬೆಳೆಸುವ ತಟ್ಟೆಯನ್ನು ವಿಭಾಗಿಸಿ, ನರಕೋಶದ ದೇಹ ಒಂದು ಕೋಣೆಯಲ್ಲಿ, ತಂತುವಿನ ತುದಿ ಮತ್ತೊಂದರಲ್ಲಿ ಬೆಳೆಯುವಂತೆ ಮಾಡಿದರು. ಎನ್‌ಜಿಎಫ್ ಅನ್ನು ತುದಿಯ ಕೋಣೆಗೆ ಮಾತ್ರ ಕೊಟ್ಟಾಗಲೂ ಕೋಶದೇಹ ಬದುಕಿತು. ತುದಿಯ ಕೋಣೆಯಿಂದ ಅದನ್ನು ತೆಗೆದಾಗ ಅಲ್ಲಿಯ ತಂತುಗಳೇ ಒಣಗಿದವು. ರೋಗಿಗಳ ಚರ್ಮ ಅಥವಾ ರಕ್ತದಿಂದ ಕಾಂಡಕೋಶಗಳನ್ನು ರೂಪಿಸಿ, ಅವುಗಳಿಂದ ನಾಲಗೆಯ ಬಗೆಯ ಮತ್ತು ಕಣ್ಣಿನ ಬಗೆಯ ಚಾಲಕ ನರಕೋಶಗಳನ್ನು ಇಂಥ ಕೋಣೆಗಳಲ್ಲಿ ಬೆಳೆಸುವ ತಂತ್ರ ಇಂದು ಕೈಗೆಟುಕುವಂಥದ್ದು. ತುದಿಗೆ ಬಿಡಿಎನ್‌ಎಫ್ ಕೊಟ್ಟು, ಕೋಶಿಕೆಗಳು ಹಿಂದಕ್ಕೆ ಸಾಗುವ ವೇಗವನ್ನೂ ದೇಹ ತಲುಪಿದಾಗ ಉಳಿದಿರುವ ಫಾಸ್ಫೇಟನ್ನೂ ಅಳೆದು, ಅದೇ ಮನೆಯ ಆರೋಗ್ಯವಂತ ಒಡಹುಟ್ಟಿದವರ ಕೋಶಗಳ ಜೊತೆ ಹೋಲಿಸಬೇಕು. ವೇಗದಲ್ಲಿ ವ್ಯತ್ಯಾಸ ಕಂಡರೆ ಹುಡುಕಾಟ ಸಾಗಣೆಯ ಜೀನ್‌ಗಳ ಕಡೆ ತಿರುಗಬೇಕು. ವೇಗ ಸರಿಯಿದ್ದು ಫಾಸ್ಫೇಟ್ ಮಾತ್ರ ಅಳಿದಿದ್ದರೆ ಗ್ರಾಹಕದ ಕಡೆ. ಎರಡೂ ಸರಿಯಿದ್ದರೆ ನನ್ನ ಊಹೆಯನ್ನು ಕೈಬಿಟ್ಟು ಮೈಟೊಕಾಂಡ್ರಿಯದತ್ತ ಹೋಗಬೇಕು.