ಡಬ್ಬಿಯೊಳಗಿದ್ದ ಮಳೆ

ಪಕ್ಕದ ಹೊಲದವರು ಮೊನ್ನೆ ಹೊಸ ಫೋನ್ ತಗೊಂಡು ಮನೆಗೆ ಬಂದಿದ್ರು. ‘ಹಳೇದ್ರಲ್ಲಿ ಇರೋದೆಲ್ಲ ಇದಕ್ಕೆ ಬರುತ್ತಲ್ವಾ?’ ಅಂದ್ರು. ಬರುತ್ತೆ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಮಳೆ ಲೆಕ್ಕದಲ್ಲಿ ಐದು ವರ್ಷ ಖಾಲಿ ಇದೆ: 2007ರ ಭರಣಿಯಿಂದ 2012ರ ಮೇ ತಿಂಗಳ ತನಕ. ಆ ಐದು ವರ್ಷ ಮಳೆ ಬಂದಿತ್ತು, ನಾನು ಬರೆದೂ ಇದ್ದೆ. ಫೋನ್ ಬದಲಾಯಿಸುವಾಗ ನಾನೇ ಕೈಯಾರೆ ಅಳಿಸಿದೆ. ಹೇಗೆ ಅಂತ ಇವತ್ತು ಬರೀತೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಆಗ ನನ್ನ ಹತ್ರ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ಕನ್ನಡ ಬರೆಯಬಹುದಿತ್ತು. ಒಂದೊಂದು ಮಳೆಗೆ ಒಂದೊಂದು ಸಾಲು ಬರೆದಿಡ್ತಿದ್ದೆ. ಯಾವ ನಕ್ಷತ್ರ, ಯಾವ ತಾರೀಕು, ಹದ ಆಯ್ತೋ ಇಲ್ವೋ, ಆ ದಿನ ಹೊಲದಲ್ಲಿ ಏನು ಕೆಲಸ ಇತ್ತು, ಇಷ್ಟೇ.

ಕನ್ನಡದಲ್ಲಿ ಬರೆಯೋದು ಆಗ ದುಬಾರಿ ಬಾಬತ್ತೂ ಹೌದು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರ ಆದ್ರೆ 160 ಹಿಡಿಯುತ್ತೆ, ಕನ್ನಡ ಆದ್ರೆ 70 ಮಾತ್ರ. ಅದರಲ್ಲೂ ಫೋನಿನ ಎಣಿಕೆ ನಮ್ಮ ಎಣಿಕೆ ಅಲ್ಲ. ‘ಆಶ್ಲೇಷ’ ಅಂದ್ರೆ ನಮಗೆ ಮೂರಕ್ಷರ. ಫೋನಿಗೆ ಆರು: ಆ, ಶ, ಅರ್ಧ ಮಾಡುವ ಗುರುತು, ಲ, ದೀರ್ಘದ ಏ ಕಾರ, ಷ. ಬಹಳ ಜನ ಕನ್ನಡದ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟೋದು ಕಲಿತದ್ದಕ್ಕೆ ಇದೂ ಒಂದು ಕಾರಣ.

ಈ ಎಣಿಕೆಯ ಹಿಂದೆ ಇರೋದು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಒಂದೊಂದು ಅಕ್ಷರಕ್ಕೆ, ಒಂದೊಂದು ಕಾಗುಣಿತದ ಗುರುತಿಗೆ ಒಂದೊಂದು ಸಂಖ್ಯೆ. ಫೋನಿನ ಹೊಟ್ಟೆಯಲ್ಲಿ ಉಳಿಯೋದು ಆ ಸಂಖ್ಯೆ. ಅದನ್ನ ಅಕ್ಷರದ ರೂಪದಲ್ಲಿ ತೋರಿಸೋಕೆ ಎರಡು ಬೇಕು: ಕನ್ನಡದ ಫಾಂಟು, ಮತ್ತೆ ಒತ್ತಕ್ಷರ ಕಾಗುಣಿತಗಳನ್ನ ಜೋಡಿಸುವ ತಂತ್ರಾಂಶ. ಮೊದಲನೇದು ಇಲ್ಲದಿದ್ರೆ ಚೌಕ ಚೌಕ ಡಬ್ಬಿ ಕಾಣುತ್ತೆ. ಎರಡನೇದು ಇಲ್ಲದಿದ್ರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಎರಡೂ ಇಲ್ಲದಿದ್ರೂ ಸಂಖ್ಯೆ ಮಾತ್ರ ಇದ್ದ ಹಾಗೇ ಇರುತ್ತೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಫೋನಿನ ಲೋಕವೇ ಮಗುಚಿ ಬೀಳ್ತಾ ಇತ್ತು. ನೋಕಿಯಾದ ದೊಡ್ಡ ಫೋನುಗಳಲ್ಲಿ ಸಿಂಬಿಯನ್ ಅನ್ನೋ ವ್ಯವಸ್ಥೆ ಇತ್ತು. ಆ ಹೆಸರಿನ ಕಂಪನಿ ಹುಟ್ಟಿದ್ದು 1998ರಲ್ಲಿ, ಲಂಡನ್ನಿನಲ್ಲಿ. 2007ರಲ್ಲಿ ಐಫೋನ್ ಬಂತು, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು. 2011ರ ಫೆಬ್ರವರಿಯಲ್ಲಿ ನೋಕಿಯಾ ಸಿಂಬಿಯನ್ ಬಿಟ್ಟು ಮೈಕ್ರೋಸಾಫ್ಟಿನ ವಿಂಡೋಸ್ ಫೋನಿನ ಕಡೆ ಹೋಗ್ತೀವಿ ಅಂತ ಸಾರಿತು. ನಮ್ಮ ಹೋಬಳಿ ಅಂಗಡಿಯಲ್ಲೂ ಜನ ಗಾಜು ಸವರುವ ಫೋನ್ ಕೇಳೋಕೆ ಶುರು ಮಾಡಿದ್ರು. ನಾನೂ ಕೇಳಿದೆ.

2012ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಫೋನ್ ತಗೊಂಡೆ. ಅಂಗಡಿ ಹುಡುಗ ಪಾಪ, ಹಳೇ ಬರಹವನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿ ಹೊಸದಕ್ಕೆ ತಂದುಕೊಟ್ಟ. ಹಳೇ ಫೋನನ್ನ ಬದಲಿಗೆ ಕೊಟ್ಟು ಬಂದೆ. ಮನೆಗೆ ಬಂದು ತೆರೆದ್ರೆ ಬರೀ ಡಬ್ಬಿ. ನಡುನಡುವೆ ಅಂಕಿ ಕಾಣ್ತಿತ್ತು, ಆದ್ರೆ ಯಾವ ಅಂಕಿ ಯಾವ ಮಳೇದು ಅಂತ ಹೇಳೋ ಮಾತೆಲ್ಲ ಡಬ್ಬಿ. ಎರಡು ದಿನ ನೋಡಿದೆ. ಹಾಳಾಗಿದೆ, ಸುಮ್ನೆ ಜಾಗ ತಿನ್ನುತ್ತೆ ಅಂದ್ಕೊಂಡು ಅಳಿಸಿಬಿಟ್ಟೆ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ, ಆ ಐದು ವರ್ಷದ ಬರಹ ಎಲ್ಲ ಸೇರಿ ಒಂದು ಫೋಟೊದಷ್ಟೂ ಜಾಗ ಹಿಡಿದಿರಲಿಲ್ಲ.

ಮುಂದಿನ ತಿಂಗಳ ಕೊನೆಗೆ, ಇಲ್ಲಿ ಆರಿದ್ರಾ ಮಳೆಗೆ ಕಾಯ್ತಾ ಇದ್ದಾಗ, ಗೂಗಲ್ ಆಂಡ್ರಾಯ್ಡ್ 4.1 ಅನ್ನು ಪ್ರಕಟಿಸಿತು. ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ತೋರಿಸುವ ಶಕ್ತಿ ಆಂಡ್ರಾಯ್ಡಿಗೆ ಸೇರಿದ್ದು ಅದರಲ್ಲಿ. ಅಳಿಸದೆ ಇಟ್ಟಿದ್ದಿದ್ರೆ, ಅಂಥ ಒಂದು ಫೋನಿನಲ್ಲಿ ಕಾರ್ಡ್ ಹಾಕಿದ ಕೂಡಲೇ ಭರಣಿ, ರೋಹಿಣಿ ಎಲ್ಲ ಎದ್ದು ಬರ್ತಿತ್ತು. ಒಣ ಮಣ್ಣಲ್ಲಿ ರಾಗಿ ಕಾಳು ಸುಮ್ನೆ ಕೂತಿದೆ ಅಂತ ಯಾರಾದ್ರೂ ಹೊಲ ಕೆರೆದು ಎಸೀತಾರಾ? ನಾನು ಮಾಡಿದ್ದು ಅದೇ ಕೆಲಸ.

ಆ ವರ್ಷವೇ ಬರ. ಬಿತ್ತಬೇಕೋ ಕಾಯಬೇಕೋ ಅಂತ ಹೊಲದ ಬದುವಿನಲ್ಲಿ ನಿಂತಾಗ, ಹಿಂದಿನ ವರ್ಷಗಳಲ್ಲಿ ಪುನರ್ವಸು ತಡವಾದಾಗ ಏನು ಮಾಡಿದ್ದೆ ಅಂತ ನೋಡಬೇಕಿತ್ತು. ನೋಡೋಕೆ ಏನೂ ಇರಲಿಲ್ಲ. ನೆನಪಿನ ಮೇಲೆ ಬಿತ್ತಿದೆ. ಬೀಜಕ್ಕೆ ಹಾಕಿದ ದುಡ್ಡೂ ಕೈಗೆ ಬರಲಿಲ್ಲ. ಲೆಕ್ಕ ಇದ್ದಿದ್ರೆ ಬೆಳೆ ಬರ್ತಿತ್ತು ಅಂತ ಹೇಳಲ್ಲ, ಮಳೆ ಬರ್ಬೇಕಲ್ಲ. ಆದ್ರೆ ಅರ್ಧ ಹೊಲವನ್ನಾದ್ರೂ ಹುರುಳಿಗೆ ಉಳಿಸಿಕೊಳ್ತಿದ್ದೆನೇನೋ.

ಇದರ ತಿರುವುಮುರುವು ಕತೆಯೂ ಇದೆ. ಕಂಪ್ಯೂಟರಿನಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಬರೆದ ಕಡತ ಕಣ್ಣಿಗೆ ಚೆಂದದ ಕನ್ನಡ. ಒಳಗಿರೋದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳಿಗೆ ಮೀಸಲಾದ ಸಂಖ್ಯೆ. ಆ ಫಾಂಟಿಲ್ಲದ ಫೋನಿನಲ್ಲಿ ತೆರೆದ್ರೆ ಕಲಸುಮೇಲೋಗರ. ಯೂನಿಕೋಡಿಗೆ ಪರಿವರ್ತಿಸಿದ್ರೆ ಮತ್ತೆ ಕನ್ನಡ. ಅಲ್ಲೂ ಮಾತು ಸತ್ತಿರಲ್ಲ. ಕಾಣೋದು ಬೇರೆ, ಇರೋದು ಬೇರೆ. ಈ ಇತಿಹಾಸದಲ್ಲಿ ನಾನು ಕಲಿತದ್ದು ಇದೊಂದೇ.

ವ್ಯವಸ್ಥೆಗಳು ಬರ್ತವೆ, ಹೋಗ್ತವೆ. ಸಿಂಬಿಯನ್ ಫೋನಿನಲ್ಲಿ ವಾಟ್ಸಾಪ್ ನಿಂತದ್ದು 2017ರಲ್ಲಿ. ನೋಕಿಯಾ ನಂಬಿ ಹೋದ ವಿಂಡೋಸ್ ಫೋನಿನಲ್ಲೂ 2019ರ ಡಿಸೆಂಬರ್ 31ಕ್ಕೆ ನಿಂತಿತು. ಆಂಡ್ರಾಯ್ಡ್‌ನಿಂದ ಐಫೋನಿಗೆ ವಾಟ್ಸಾಪ್ ಮಾತುಕತೆ ಸಾಗಿಸೋಕೆ ಕಂಪನಿಯೇ ದಾರಿ ಕೊಟ್ಟದ್ದು 2022ರಲ್ಲಿ.

ಪಕ್ಕದ ಹೊಲದವರಿಗೆ ನಾನು ಹೇಳಿದ್ದು ಇಷ್ಟು. ಹಳೇ ಫೋನನ್ನ ಒಂದು ತಿಂಗಳು ಯಾರಿಗೂ ಕೊಡಬೇಡಿ. ಹೊಸದರಲ್ಲಿ ಹೆಸರು, ಫೋಟೊ, ಬರಹ, ದನಿ ಒಂದೊಂದನ್ನೂ ತೆರೆದು ನೋಡಿ. ಬಂದಿದೆ ಅಂತ ಫೋನ್ ಹೇಳಿದ್ರೆ ಸಾಲದು. ಬೇಕಾದ ಲೆಕ್ಕವನ್ನ ಯಾವ ಫೋನಾದ್ರೂ ಓದುವಂಥ ಸಾದಾ ಬರಹದ ಕಡತದಲ್ಲಿ ಇನ್ನೊಂದು ಕಡೆ ಇಡಿ. ಓದೋಕೆ ಬರ್ತಿಲ್ಲ ಅಂತ ಯಾವುದನ್ನೂ ಅಳಿಸಬೇಡಿ.

ನಾನೀಗ ಮಳೆ ಲೆಕ್ಕ ಫೋನಿನಲ್ಲೇ ಬರೀತೀನಿ, ಯುಗಾದಿಗೊಮ್ಮೆ ನೋಟ್‌ಬುಕ್ಕಿಗೆ ಇಳಿಸ್ತೀನಿ. ನೋಟ್‌ಬುಕ್ಕೇನು ಅಮರ ಅಲ್ಲ, ಅಪ್ಪನ ಎರಡು ಪುಸ್ತಕ ಗೆದ್ದಲಿಗೆ ಹೋಗಿವೆ. ಆದ್ರೆ ಗೆದ್ದಲು ಮತ್ತು ಹೊಸ ಫೋನು ಎರಡೂ ಒಂದೇ ದಿನ ಮನೆಗೆ ಬರಲ್ಲ ಅನ್ನೋ ಧೈರ್ಯ. ನೋಟ್‌ಬುಕ್ಕಿನಲ್ಲಿ 2007ರಿಂದ 2012ರ ಪುಟಗಳನ್ನ ಖಾಲಿ ಬಿಟ್ಟಿದ್ದೀನಿ. ನೆನಪಿನಿಂದ ತುಂಬಿಸೋಕೆ ಹೋಗಿಲ್ಲ.